ಹಾಯಿದೋಣಿಯಲ್ಲಿ ನನ್ನ ಇಳಕಲ್ ಸೀರೆ

ನನ್ನ ಮೊಮ್ಮಗಳು ಅನ್ವಿತಾ ಹಾಯಿದೋಣಿಯನ್ನು ತಾನೇ ನಡೆಸಿ ಡೆನ್ಮಾರ್ಕಿನ ದಂಡೆಗೆ ಹಚ್ಚಿದಳು! ಹದಿಮೂರು ವರ್ಷದ ಹುಡುಗಿ! ಆ ದೋಣಿಯಲ್ಲಿ ನಾನೂ ಇದ್ದೆ, ಇನ್ನೂ ಜೀವಂತ ಇದ್ದೇನೆ. ಇದನ್ನು ಮೊದಲೇ ಹೇಳಿಬಿಟ್ಟೆ. ಒಳಗಿಟ್ಟುಕೊಂಡರೆ ನನ್ನ ಹೊಟ್ಟೆ ಉಬ್ಬುತ್ತದೆ.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಭೂಮಿಯ ಮೇಲೆ ಮುಕ್ಕಾಲು ಪಾಲು ನೀರೇ ಇದೆ ಎಂದು ಮಾಸ್ತರರು ಹೇಳಿದ್ದು ನೆನಪಿದೆ, ಆದರೆ ನಂಬಿರಲಿಲ್ಲ. ಎರಡು ಕೊಡ ನೀರಿಗೆ ಸರದಿ ನಿಲ್ಲುವವರು ಹೇಗೆ ನಂಬಬೇಕು? ಈಗ ನಂಬಿದೆ. ಮಗ ಮಲ್ಲಿಕಾರ್ಜುನ ಜರ್ಮನಿಯ ಹ್ಯಾನೋವರಿನಲ್ಲಿ ಕಾರಿನ ಇಂಜಿನಿಯರ್. ಅವನ ಜೊತೆ ಕೆಲಸ ಮಾಡುವ ಯೆನ್ಸ್ ಎಂಬ ಜರ್ಮನ್ ಗೃಹಸ್ಥ ಬೇಸಿಗೆ ರಜೆಗೆ ತನ್ನ ಹಾಯಿದೋಣಿಯಲ್ಲಿ ಸಮುದ್ರ ದಾಟಿ ಡೆನ್ಮಾರ್ಕಿಗೆ ಹೋಗಲು ನಮ್ಮೆಲ್ಲರನ್ನೂ ಕರೆದ. ಎರಡು ವರ್ಷದಿಂದ ಕೆರೆಯಲ್ಲಿ ದೋಣಿ ಕಲಿಯುತ್ತಿರುವ ಅನ್ವಿತಾಗೆ, ದಂಡೆ ಮುಟ್ಟಿಸುವ ಕೆಲಸ ನಿನ್ನದೇ ಎಂದು ಮಾತೂ ಕೊಟ್ಟ. ಮಗ ಮಾತ್ರ ಒಂದು ಕರಾರು ಹಾಕಿದ: "ಅವ್ವಗ ಒಂಚೂರು ವಾಂತಿ ಆದ್ರೂ ಸೀದಾ ವಾಪಸ್." ಹುಡುಗಿ ನನ್ನ ಎರಡೂ ಕೈ ಹಿಡಿದು, "ಅಜ್ಜಿ, ಪ್ಲೀಸ್, ವಾಂತಿ ಮಾಡಬ್ಯಾಡ!" ಎಂದಳು. ಹೀಗೆ ಮೊಮ್ಮಗಳ ಮಾನ ನನ್ನ ಹೊಟ್ಟೆಯಲ್ಲಿ ಬಂದು ಕೂತಿತು.

ಸಮುದ್ರದ ಮೇಲಿನ ಹವೆ ಅಂದರೆ ಅತ್ತೆಯ ಮುಖ ಇದ್ದಂತೆ (ಅತ್ತೆ ನಾನೇ, ಹಾಗಾಗಿ ಹೇಳಬಹುದು). ಈಗ ನಗು, ಮರುಗಳಿಗೆ ಗಂಟು. ಒಂದು ಸುರಿ ಮಳೆ ಬಂದು ನನ್ನ ಸೀರೆ ತೊಯ್ದು ತೊಪ್ಪೆಯಾಯಿತು. ಬೇರೆ ಉಟ್ಟುಕೊಂಡು ಮೇಲೆ ಬಂದರೆ ಚುರುಚುರು ಬಿಸಿಲು! ಬಿಸಿಲು ಕಂಡ ಮೇಲೆ ಏನಾದರೂ ಒಣಹಾಕದೆ ನನ್ನ ಕೈ ಸುಮ್ಮನಿರುವುದಿಲ್ಲ. ಯಾರನ್ನೂ ಕೇಳದೆ ಆ ತೊಯ್ದ ಇಳಕಲ್ ಸೀರೆಯ ಒಂದು ತುದಿಯನ್ನು ದೋಣಿಯ ಕಂಬಿಗೆ ಕಟ್ಟಿ ಹರವಿದೆ. ಗಾಳಿ ಎಲ್ಲಿತ್ತೋ, ಬಂದೇ ಬಂತು. ಸೀರೆ ಬುಸ್ಸೆಂದು ಉಬ್ಬಿತು, ಸೆರಗು ಹಾರಿ ಹಾಯಿಯ ಹಗ್ಗದ ರಾಟೆಯೊಳಗೆ ಸಿಕ್ಕಿಕೊಂಡಿತು. ಹಾಯಿ ಎಳೆಯಲೂ ಬಾರದು, ಬಿಡಲೂ ಬಾರದು. ದೋಣಿ ವಾಲಿತು. ಎದುರಿಗೆ ಕರಿ ಮೋಡ.

"ಸಾಕ್ ಮಾಡ್ರಿ, ವಾಪಸ್ ಹೋಗೂಣು!" ಮಗ ಕೂಗಿದ. ಸೊಸೆ ರೇಖಾ ಕಣ್ಣು ಮುಚ್ಚಿ ದೇವರನ್ನು ಕರೆಯುತ್ತಿದ್ದಳು.

"ನೈನ್, ಪಪ್ಪಾ! ಬ್ಯಾಡ! ಒಂದ್ ಮಿನಿಟ್!" ಚುಕ್ಕಾಣಿ ಹಿಡಿದಿದ್ದ ಅನ್ವಿತಾ ದೋಣಿಯ ಮೂತಿಯನ್ನು ಸೀದಾ ಗಾಳಿಗೇ ತಿರುಗಿಸಿದಳು. ಹಾಯಿ ಪಟಪಟ ಬಡಿದುಕೊಂಡಿತು, ದೋಣಿ ನೆಟ್ಟಗಾಯಿತು. ಯೆನ್ಸ್ ನನ್ನ ಗಂಟನ್ನು ಎಳೆದ, ಜಗ್ಗಿದ, ಕೊನೆಗೆ ಚಾಕು ತೆಗೆದ. ಇಳಕಲ್ ಸೀರೆಗೆ ಚಾಕು! "ಏ ತಮ್ಮಾ, ತಡೀ! ಎತ್ತು ಕಟ್ಟೂ ಗಂಟದು!" ಎಂದು ಅವನಿಗೆ ಶುದ್ಧ ಕನ್ನಡದಲ್ಲೇ ಗದರಿ, ಗಿಡ್ಡ ತುದಿ ಹಿಡಿದು ಒಮ್ಮೆ ಎಳೆದೆ. ಪುಸಕ್ಕನೆ ಬಿಚ್ಚಿತು. ಸಡಿಲಾದ ಸೀರೆಯನ್ನು ಅವನು ರಾಟೆಯಿಂದ ಬಿಡಿಸಿದ. ಬೆವರು ಒರೆಸಿಕೊಂಡು ಏನೋ ಅಂದ. ಬೈದನೇನೋ ಅಂದುಕೊಂಡೆ.

"ಅಜ್ಜಿ, ಯೆನ್ಸ್‌ಗೆ ಆ ಗಂಟು ಕಲೀಬೇಕಂತ. ಸೂಪರ್ ಅಂತ!"

ಆಮೇಲೆ ಸುರಿಯುವ ಮಳೆಯಲ್ಲೇ ನನ್ನ ಕೂಸು ಆ ದೋಣಿಯನ್ನು ದಂಡೆಗೆ ತಂದಿತು ನೋಡಿ, ಮಗುವನ್ನು ತೊಟ್ಟಿಲಿಗೆ ಇಳಿಸುವಷ್ಟು ಮೆಲ್ಲಗೆ! ವಾಪಸ್ ಹೋಗೋಣ ಅಂದಿದ್ದ ಅವಳಪ್ಪ ಕಟ್ಟೆಗೆ ಹಾರಿ, "ನನ್ನ ಮಗಳ್ರೀ! ನನ್ನ ಮಗಳು!" ಎಂದು ಅಕ್ಕಪಕ್ಕದ ದೋಣಿಯವರಿಗೆಲ್ಲ ಕನ್ನಡದಲ್ಲಿ ಸಾರಿದ. ಅವರಿಗೆ ತಿಳಿಯಿತೇನೋ, ಚಪ್ಪಾಳೆ ತಟ್ಟಿದರು.

ಸಂಜೆ ಮಳೆ ನಿಂತಿತು. ಮರದ ಕಟ್ಟೆಯ ಮೇಲೆ ಎಲ್ಲರನ್ನೂ ಸಾಲಾಗಿ ಕೂಡ್ರಿಸಿ ಕಟಕರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಒಂದೊಂದು ಲಿಂಬೆಹೋಳು ಬಡಿಸಿದೆ. ಮೊದಲ ತಟ್ಟೆ ಅನ್ವಿತಾಗೆ. ಯೆನ್ಸ್ ಕಷ್ಟಪಟ್ಟು ಚಕ್ಕಳಮಕ್ಕಳ ಹಾಕಿದ. "ಅವ್ವಾ, ದೋಣಿಯೊಳಗ ಮೇಜು ಐತಲ್ಲ?" ಎಂದ ಮಗ. "ಗೆದ್ದು ಬಂದವ್ರು ಪಂಕ್ತಿಯೊಳಗ ಉಣಬೇಕು, ನಮ್ಮ ಮನೆತನದ ಪದ್ಧತಿ" ಎಂದೆ. ಅಂಥ ಪದ್ಧತಿ ನಮ್ಮ ಮನೆತನದಲ್ಲಿ ಯಾವತ್ತೂ ಇರಲಿಲ್ಲ. ಕಟ್ಟಿಹಾಕಿದ ದೋಣಿ ನಿಂತಲ್ಲೇ ತೂಗುತ್ತಿತ್ತು. ಇನ್ನೈದು ನಿಮಿಷ ಅದರಲ್ಲಿ ಕೂತಿದ್ದರೆ ನನಗೆ ವಾಂತಿಯಾಗಿ ಕರಾರು ಮುರಿಯುತ್ತಿತ್ತು, ರಜೆ ಇನ್ನೂ ನಾಲ್ಕು ದಿನ ಇತ್ತು. ಎಲ್ಲರೂ ನನ್ನ ಪದ್ಧತಿಯನ್ನು ಹೊಗಳುತ್ತಾ ಉಂಡರು. ಅನ್ವಿತಾ ಮಾತ್ರ ನನ್ನ ಮುಖ ನೋಡಿ ಕಿಸಕ್ಕನೆ ನಕ್ಕು, ತನ್ನ ಪಾಲಿನ ಲಿಂಬೆಹೋಳನ್ನು ಸದ್ದಿಲ್ಲದೆ ನನ್ನ ತಟ್ಟೆಗೆ ಸರಿಸಿದಳು.