ರೈಟ್ ಅಂದರೆ ಯಾವ ಕಡೆ?

ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಮನುಷ್ಯನಿಗೆ ವಾಹನವೆಂದರೆ ಭಯ ಎಂದರೆ ಯಾರಾದರೂ ನಂಬುತ್ತಾರೆಯೇ? ಯಾರೂ ನಂಬುವುದಿಲ್ಲ ಎಂಬ ಒಂದೇ ಧೈರ್ಯದ ಮೇಲೆ ನಮ್ಮ ಕಂಡಕ್ಟರು ಇಷ್ಟು ದಿನ ಮಾನ ಉಳಿಸಿಕೊಂಡು ಬಂದಿದ್ದರು. ಬಸ್ಸಿನಲ್ಲಿ ಅವರ ಜಾಗ ಹಿಂದಿನ ಬಾಗಿಲ ಹತ್ತಿರ. ಎದುರಿಗೆ ಏನು ಬರುತ್ತಿದೆ ಎಂಬುದು ಅಲ್ಲಿಗೆ ಕಾಣುತ್ತಿರಲಿಲ್ಲ. ಕಾಣದ ಮೇಲೆ ಹೆದರುವುದಾದರೂ ಯಾಕೆ? ಹೀಗೆ ನೆಮ್ಮದಿಯಾಗಿ ರಿಟೈರಾದ ಮೇಲೆ ವಕ್ಕರಿಸಿತು ನೋಡಿ ಗ್ರಹಚಾರ. ಅವರ ಹೆಂಡತಿ ಜೀಪು ಕೊಂಡರು.

ಹೆಂಡತಿಯದು ಡ್ರೈವಿಂಗ್ ಸ್ಕೂಲು. ಕಲಿಯುವವರ ಪಕ್ಕದಲ್ಲಿ ಕೂತು, ತಮ್ಮ ಕಡೆಯ ಬ್ರೇಕಿನ ಮೇಲೆ ಸದಾ ಕಾಲಿಟ್ಟಿರುತ್ತಿದ್ದರಿಂದ ಎಲ್ಲರೂ ಅವರನ್ನು 'ಬ್ರೇಕ್ ಮೇಡಂ' ಎನ್ನುತ್ತಿದ್ದರು. ಇಪ್ಪತ್ತು ವರ್ಷ ಬೇರೆಯವರ ಎಡವಟ್ಟಿಗೆ ಬ್ರೇಕು ಒತ್ತಿ ಒತ್ತಿ ಸಾಕಾಯಿತೋ ಏನೋ, ಐವತ್ತೈದನೆಯ ವಯಸ್ಸಿನಲ್ಲಿ ಹಳೆಯ ಜೀಪೊಂದನ್ನು ತಂದು ಮನೆ ಮುಂದೆ ನಿಲ್ಲಿಸಿ, ದಾರಿಯಿಲ್ಲದ ಕಡೆ ಗಾಡಿ ಓಡಿಸುವವರ ಗುಂಪೊಂದನ್ನು ಸೇರಿದರು. (ದಾರಿ ಇರುವ ಕಡೆ ಓಡಿಸಲು ಸರ್ಕಾರವೇ ಅಷ್ಟು ಕಷ್ಟಪಟ್ಟು ಟಾರು ಹಾಕಿರುವಾಗ, ಇದೆಂಥ ದುರ್ಬುದ್ಧಿ ಎಂದು ನೀವು ಕೇಳಬಹುದು. ಕಂಡಕ್ಟರೂ ಕೇಳಿದರು, ಮನಸ್ಸಿನಲ್ಲಿ.)

ಮೊದಲ ಭಾನುವಾರ ಒಣಗಿದ ಹಳ್ಳವೊಂದರಲ್ಲಿ ಜೀಪು ವಾಲಿದಾಗ ಕಂಡಕ್ಟರ ಜೀವ ಬಾಯಿಗೆ ಬಂತು. ಬಾಗಿಲ ಮೇಲಿನ ಹಿಡಿಯನ್ನು ಬಲವಾಗಿ ಹಿಡಿದರು, ಅದು ಕಿತ್ತು ಕೈಗೇ ಬಂತು. ಆ ಹೊತ್ತಿಗೆ ಸರಿಯಾಗಿ ಅವರ ಕಣ್ಣಿಗೆ ಬಿದ್ದದ್ದು ಗುಂಪಿನ ನಾಯಕರಾದ ಹಲ್ಲಿನ ಡಾಕ್ಟರು. ಅವರು ಆರಾಮಾಗಿ ನೆಲದ ಮೇಲೆ ನಿಂತು, ಕೈಯಲ್ಲಿ ವಾಕಿಟಾಕಿ ಹಿಡಿದು, ಇನ್ನೊಂದು ಜೀಪು ಓಡಿಸುತ್ತಿದ್ದ ತಮ್ಮನಿಗೆ "ಎಡಕ್ಕೆ, ಇನ್ನೂ ಎಡಕ್ಕೆ" ಎಂದು ದಾರಿ ತೋರಿಸುತ್ತಿದ್ದರು. ಜೀಪು ಹಳ್ಳದಲ್ಲಿ, ಡಾಕ್ಟರು ದಡದಲ್ಲಿ! ಕಂಡಕ್ಟರಿಗೆ ಆ ಕ್ಷಣವೇ ಜ್ಞಾನೋದಯವಾಯಿತು.

"ನಮಗೂ ಒಂದು ಜೊತೆ ವಾಕಿಟಾಕಿ ಬೇಕು ಕಣೇ," ಎಂದರು ಮನೆಗೆ ಬಂದ ಮೇಲೆ, ಗಂಭೀರವಾಗಿ. "ಕಷ್ಟದ ಜಾಗ ಬಂದ್ರೆ ನಾನು ಇಳಿದು ದಾರಿ ತೋರಿಸ್ತೀನಿ."

"ನೀವ್ಯಾಕ್ರೀ ಇಳೀಬೇಕು? ಸುಮ್ನೆ ಪಕ್ಕದಲ್ಲಿ ಕೂತಿದ್ರೆ ಸಾಕು."

"ಛೆ ಛೆ, ನಿನ್ನ ಸುರಕ್ಷತೆ ಮುಖ್ಯ."

ಮೇಡಂ ಗಂಡನ ಮುಖವನ್ನೊಮ್ಮೆ ನೋಡಿದರು. ಇಷ್ಟು ಪ್ರೀತಿ ಇದ್ದಕ್ಕಿದ್ದಂತೆ ಎಲ್ಲಿಂದ ಉಕ್ಕಿತು ಎಂದು ಕೇಳದೆ, ಆಗಲಿ ಎಂದರು.

ಮಾರನೆಯ ದಿನವೇ ಕಂಡಕ್ಟರು ಅಂಗಡಿಗೆ ಹೋದರು. ಅಂಗಡಿಯವನು ಗಾಜಿನ ಮೇಜಿನ ಮೇಲೆ ನಾಲ್ಕು ನಮೂನೆಯ ರೇಡಿಯೋ ಸಾಲಾಗಿ ನಿಲ್ಲಿಸಿದ.

"ಎಷ್ಟು ದೂರಕ್ಕೆ ಬೇಕು ಸಾರ್?"

"ಜಾಸ್ತಿ ಅಂದ್ರೆ ಎಷ್ಟಿದೆ?"

"ಇದರ ಡಬ್ಬದ ಮೇಲೆ ಹತ್ತು ಕಿಲೋಮೀಟರ್ ಅಂತ ಬರೆದಿದೆ."

ಕಂಡಕ್ಟರ ಮುಖ ಅರಳಿತು. "ಹಾಗಾದ್ರೆ ನಾನು ಮನೇಲೇ ಕೂತು..."

"ಅದು ಬಟಾಬಯಲಲ್ಲಿ ಸಾರ್. ಮಧ್ಯ ಗುಡ್ಡ ಬಂದ್ರೆ ಒಂದು ಕಿಲೋಮೀಟರೂ ಅನುಮಾನ."

ಅರಳಿದ ಮುಖ ಬಾಡಿತು. ಎರಡನೆಯದಕ್ಕೆ ಶಕ್ತಿ ಜಾಸ್ತಿ, ಆದರೆ ಲೈಸೆನ್ಸು ಬೇಕು, ಅದಕ್ಕೆ ಪರೀಕ್ಷೆ ಬರೆಯಬೇಕು ಎಂದ. ಪರೀಕ್ಷೆ ಎಂದ ಕೂಡಲೇ ಕಂಡಕ್ಟರು ಅದನ್ನು ಬಿಸಿ ಪಾತ್ರೆ ಮುಟ್ಟಿದವರಂತೆ ಕೆಳಗಿಟ್ಟರು. ಮೂರನೆಯದು ನೀರಿಗೆ ಬಿದ್ದರೂ ಹಾಳಾಗದು, ತೇಲುತ್ತದೆ ಎಂದ.

"ಅದೇನೋ ತೇಲುತ್ತೆ ಕಣಯ್ಯಾ. ಹಿಡಿದುಕೊಂಡಿರೋನ ಗತಿ?"

"ಅದು ಡಬ್ಬದ ಮೇಲೆ ಬರೆದಿಲ್ಲ ಸಾರ್."

ಕಡೆಗೆ ಅವರು ಆರಿಸಿಕೊಂಡದ್ದು ಲೈಸೆನ್ಸು ಬೇಡದ ಸಣ್ಣ ರೇಡಿಯೋ. ಕಾರಣ ಏನೆಂದರೆ ಅದರ ಗುಂಡಿ ದೊಡ್ಡದಾಗಿತ್ತು, ಕೈ ಎಷ್ಟು ನಡುಗಿದರೂ ಬೆರಳಿಗೆ ಸಿಗುವಂತಿತ್ತು. (ಅಂಗಡಿಯವನಿಗೆ ಮಾತ್ರ "ಕನ್ನಡಕ ಮರೆತು ಬಂದಿದ್ದೀನಿ" ಎಂದರು.) ಗುಂಡಿ ಒತ್ತಿ ಮಾತಾಡಬೇಕು, ಮುಗಿದ ಮೇಲೆ 'ಓವರ್' ಎಂದು ಗುಂಡಿ ಬಿಡಬೇಕು, ಬಿಡದಿದ್ದರೆ ಆ ಕಡೆಯವರ ಮಾತು ಕೇಳಿಸದು ಎಂದು ಅವನು ಮೂರು ಸಲ ಹೇಳಿಕೊಟ್ಟ.

ಸಂಜೆ ತಾಲೀಮು ನಡೆಯಿತು. ಕಂಡಕ್ಟರು ತಾರಸಿಯ ಮೇಲೆ, ಮೇಡಂ ಅಡುಗೆಮನೆಯಲ್ಲಿ.

"ಕಾಫಿ ಆಯ್ತಾ? ಓವರ್."

"ಏನ್ರೀ ಓವರ್? ಬೆಳಗಿಂದ ನಿಂತಲ್ಲಿ ನಿಂತಿಲ್ಲ ನಾನು, ಓವರ್ ಆಡ್ತಿದ್ದೀನಾ?"

"ಹಾಗಲ್ಲ ಕಣೇ, ಮಾತು ಮುಗೀತು ಅಂತ."

"ಮುಗೀತಾ? ಹಾಗಾದ್ರೆ ಕಾಫಿನೂ ಮುಗೀತು. ಓವರ್."

ಮುಂದಿನ ಭಾನುವಾರ ಗುಂಪು ಹೋದದ್ದು ಪಾಳುಬಿದ್ದ ಕಲ್ಲುಕ್ವಾರಿಗೆ. ಐದು ಜೀಪು. ಕ್ವಾರಿಯ ಗೋಡೆಗೆ ಅಂಟಿಕೊಂಡಂತೆ ಒಂದು ಇಳಿಜಾರು ದಾರಿ. ಎಡಕ್ಕೆ ಬಂಡೆ, ಬಲಕ್ಕೆ ಹಳೆಯ ಹೊಂಡ, ಹೊಂಡದಲ್ಲಿ ಹಸಿರು ನೀರು. ಎಷ್ಟು ಆಳ ಎಂದು ಕೇಳಿದರೆ ಹಲ್ಲಿನ ಡಾಕ್ಟರು, "ಅಳೆಯೋಕೆ ಹೋದ ಹಗ್ಗ ಸಾಲಲಿಲ್ಲ" ಎಂದು ನಕ್ಕರು. ಹಲ್ಲು ಕೀಳುವವರಿಗೆ ಬೇರೆಯವರ ಸಂಕಟ ಅಭ್ಯಾಸವಾಗಿರುತ್ತದೆ.

"ನಾನು ಇಳಿದು ನೋಡ್ತೀನಿ," ಎಂದ ಕಂಡಕ್ಟರು ರೇಡಿಯೋ ಹಿಡಿದು, ಮೇಡಂ ಉತ್ತರ ಕೊಡುವ ಮೊದಲೇ ಕೆಳಗೆ ಓಡಿ, ಸಮತಟ್ಟಾದ ಜಾಗ ನೋಡಿ ನಿಂತರು. ನೆಲ ಗಟ್ಟಿಯಾಗಿತ್ತು. ಆದರೆ ತಲೆಯೆತ್ತಿ ನೋಡಿದಾಗ ಅವರು ಲೆಕ್ಕ ಹಾಕದ ಒಂದು ವಿಷಯ ಕಣ್ಣಿಗೆ ಬಿತ್ತು. ತಾವು ಕೆಳಗಿದ್ದಾರೆ, ಸರಿ. ಜೀಪಿನಲ್ಲಿ ಹೆಂಡತಿ ಒಬ್ಬರೇ ಇದ್ದಾರೆ. ಒಳಗೆ ಕೂತಾಗ ಇದ್ದದ್ದಕ್ಕಿಂತ ದೊಡ್ಡ ಭಯ ಆಗ ಶುರುವಾಯಿತು.

ಜೀಪು ನಿಧಾನವಾಗಿ ಇಳಿಯತೊಡಗಿತು. ಬಂಡೆಗೂ ಜೀಪಿಗೂ ಒಂದು ಗೇಣು ಜಾಗ, ದಾರಿ ನೆಟ್ಟಗಿದೆ, ಬರಲು ಅಡ್ಡಿಯಿಲ್ಲ. ಕಂಡಕ್ಟರು ಗುಂಡಿ ಒತ್ತಿದರು. ಮೂವತ್ತೊಂದು ವರ್ಷ ಬಸ್ಸು ಮುಂದೆ ಹೋಗಲಿ ಎನ್ನುವುದಕ್ಕೆ ಯಾವ ಮಾತು ಆಡಿದ್ದರೋ ಅದೇ ಮಾತು ಬಾಯಿಗೆ ಬಂತು.

"ರೈಟ್!"

ಇಪ್ಪತ್ತು ವರ್ಷ 'ರೈಟ್' ಎಂದರೆ ಬಲಕ್ಕೆ ತಿರುಗಿಸಿ ಎಂದು ಪಾಠ ಹೇಳಿದ ಮೇಡಂ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿದರು.

ಜೀಪಿನ ಮೂತಿ ಹೊಂಡದ ಕಡೆ ತಿರುಗಿತು. ಅಯ್ಯೋ, ಇದೇನಾಯಿತು ಎಂದುಕೊಂಡರು ಕಂಡಕ್ಟರು. ಬೆರಳು ಗುಂಡಿಯ ಮೇಲೆಯೇ ಮರಗಟ್ಟಿತ್ತು. ಆ ಕಡೆಯಿಂದ ಮೇಡಂ "ಇನ್ನೂ ರೈಟಾ?" ಎಂದು ಕೂಗುತ್ತಿದ್ದದ್ದು ಅವರಿಗೆ ಕೇಳಿಸಲೇ ಇಲ್ಲ. ಗಾಬರಿಯಾದಾಗ ನೆಟ್ಟಗೆ ಮುಂದೆ ಬಾ ಎಂದು ಹೇಳಲು ಅವರಿಗೆ ಗೊತ್ತಿದ್ದದ್ದು ಒಂದೇ ಮಾತು.

"ರೈಟ್ ರೈಟ್ ರೈಟ್!"

ಮೇಡಂ ಇನ್ನೂ ತಿರುಗಿಸಿದರು. ಮುಂದಿನ ಬಲಚಕ್ರ ಅಂಚು ದಾಟಿ ಗಾಳಿಯಲ್ಲಿ ತೂಗಾಡಿತು. ಹಿಂದಿನ ಎಡಚಕ್ರ ನೆಲ ಬಿಟ್ಟೆದ್ದಿತು. ಒಂದಿಷ್ಟು ಕಲ್ಲು ಉರುಳಿ ನೀರಿಗೆ ಬಿದ್ದ ಸದ್ದು ಕೇಳಿತು, ತಳ ಮುಟ್ಟಿದ ಸದ್ದು ಕೇಳಲಿಲ್ಲ. ಬ್ರೇಕ್ ಮೇಡಂ ತಮ್ಮ ಹೆಸರಿಗೆ ತಕ್ಕಂತೆ ಬ್ರೇಕು ಒತ್ತಿ ಹಿಡಿದಿದ್ದರಿಂದ ಜೀಪು ಅಲ್ಲಿಯೇ ಉಳಿಯಿತು.

"ರೈಟ್ ಅಂದ್ರಲ್ರೀ!" ಎಂದು ಕಿಟಕಿಯಿಂದಲೇ ಚೀರಿದರು.

"ರೈಟ್ ಅಂದ್ರೆ ಹೋಗು ಅಂತ ಕಣೇ!"

"ಹೋಗು ಅಂದ್ರೆ ಹೋಗು ಅನ್ನಬೇಕು! ಇನ್ನೊಂದು ಚೂರಿಗೆ ಪೂರ್ತಿ ಹೋಗೇಬಿಡ್ತಿದ್ದೆ!"

ಗುಂಪಿನವರು ಓಡಿಬಂದರು. ಹಿಂದಿನಿಂದ ಹಗ್ಗ ಕಟ್ಟಿದರು. ಹಲ್ಲಿನ ಡಾಕ್ಟರು ಬಗ್ಗಿ, ಎದ್ದು, ಬಾಯಿ ಪರೀಕ್ಷೆ ಮಾಡಿದ ಮೇಲೆ ಹೇಳುವ ಧಾಟಿಯಲ್ಲಿ ಹೇಳಿದರು. "ಹ್ಯಾಂಡ್‌ಬ್ರೇಕ್ ಸವೆದಿದೆ, ಮೇಡಂ ಕಾಲು ತೆಗೆಯೋ ಹಾಗಿಲ್ಲ, ಇಳಿಯೋ ಹಾಗೂ ಇಲ್ಲ. ಎಳೆಯೋವಾಗ ಗಾಡಿ ಬಲಕ್ಕೆ ಮಗುಚದೇ ಇರಬೇಕಾದ್ರೆ ಎಡಗಡೆ ಸೀಟಲ್ಲಿ ಯಾರಾದ್ರೂ ಒಳ್ಳೆ ತೂಕದೋರು ಕೂರಬೇಕು."

ಎಲ್ಲರೂ ಒಟ್ಟಿಗೆ ಕಂಡಕ್ಟರ ಹೊಟ್ಟೆಯನ್ನು ನೋಡಿದರು.

"ನಾನು... ನಾನು ಇಲ್ಲಿಂದಲೇ ದಾರಿ ತೋರಿಸ್ತೀನಿ," ಎಂದರು ಕಂಡಕ್ಟರು.

"ನೀವು ತೋರಿಸಿದ್ದು ಸಾಕು ಯಜಮಾನ್ರೇ," ಎಂದರು ಡಾಕ್ಟರು.

ಬೇರೆ ದಾರಿ ಕಾಣದೆ ಕಂಡಕ್ಟರು ರೇಡಿಯೋ ಬಾಯಿಯ ಹತ್ತಿರ ಹಿಡಿದು ಪಿಸುಗುಟ್ಟಿದರು. "ನಂಗೆ ಭಯ ಕಣೇ. ಮೊದಲಿಂದಲೂ ಭಯ. ಜೀಪಲ್ಲಿ ಕೂರೋದು ತಪ್ಪಲಿ ಅಂತಲೇ ಈ ಹಾಳಾದ್ದನ್ನ ತಂದಿದ್ದು."

ಐದು ಜೀಪುಗಳೂ ಒಂದೇ ಚಾನೆಲ್ಲಿನಲ್ಲಿದ್ದವು. ಐದು ಕಡೆಯಿಂದ ಐದು ಸಲ "ನಂಗೆ ಭಯ ಕಣೇ" ಎಂದು ಕ್ವಾರಿಯ ಗೋಡೆಗಳಿಗೆ ಕೇಳಿಸಿತು. ಯಾರೋ ಕೆಮ್ಮಿದರು. ಆಮೇಲೆ ಮೇಡಂ ದನಿ ಬಂತು, ಈ ಸಲ ಜಗಳವಿರಲಿಲ್ಲ.

"ಗೊತ್ತು ಕಣ್ರೀ. ಮದುವೆಯಾದ ವಾರದಿಂದ ಗೊತ್ತು. ಹತ್ತಿ ಬನ್ನಿ."

ಮಾನ ಹೋದ ಮೇಲೆ ಉಳಿಸಿಕೊಳ್ಳಲು ಏನಿದೆ? ಕಂಡಕ್ಟರು ರೇಡಿಯೋವನ್ನು ಡಾಕ್ಟರ ಕೈಗಿತ್ತು, ತೆವಳುತ್ತಾ ಹೋಗಿ, ಬಾಗಿಲು ತೆರೆದು, ಉಸಿರು ಬಿಗಿಹಿಡಿದು ಎಡಗಡೆ ಸೀಟಿನಲ್ಲಿ ಕೂತರು. ಜೀಪು ಕರ್ರೆಂದು ನರಳಿ ಒಂದಿಷ್ಟು ಸಮವಾಯಿತು. ಮದುವೆಯಾದಾಗಿನಿಂದ ಕರಗಿಸಿ ಕರಗಿಸಿ ಎಂದು ಬೈಸಿಕೊಂಡಿದ್ದ ಹೊಟ್ಟೆ ಮೊದಲ ಬಾರಿಗೆ ಸಂಸಾರದ ಉಪಯೋಗಕ್ಕೆ ಬಂತು. ಅವರು ಹೆಂಡತಿಯ ಸೆರಗಿನ ತುದಿ ಹಿಡಿದುಕೊಂಡು ಕಣ್ಣು ಬಿಗಿಯಾಗಿ ಮುಚ್ಚಿದರು.

ಹಿಂದಿನಿಂದ ಹಗ್ಗ ಬಿಗಿಯಾಯಿತು. ಜೀಪು ನಡುಗತೊಡಗಿತು.

"ರೀ, ಕಣ್ಣು ಮುಚ್ಕೊಂಡಿದ್ದೀರಾ?"

"ಹೂಂ."

"ತೆಗೀರಿ."

"ನಾನ್ಯಾಕೆ ತೆಗೀಲಿ? ನೋಡೋಕೆ ನೀನಿದ್ದೀಯಲ್ಲ."

"ಎಲ್ಲಿಂದ ನೋಡ್ಲಿ?" ಎಂದರು ಬ್ರೇಕ್ ಮೇಡಂ. "ನೀವು ಇಳಿದು ಹೋದಾಗಿನಿಂದ ನಾನೂ ಮುಚ್ಕೊಂಡೇ ಇದ್ದೀನಿ."