ಗಾಲಿಯ ಮೇಲೊಂದು ಮಡಿ ಮನೆ

ನಮ್ಮ ಭಾವನವರ ಕೈಗೆ ಸರಿಯಾಗಿ ನಡೆಯುವ ವಸ್ತುವೊಂದನ್ನು ಕೊಟ್ಟು ನೋಡಿ, ಪಾಪ, ಅವರಿಗೆ ಜ್ವರ ಬಂದುಬಿಡುತ್ತದೆ! ಕಳೆದ ದೀಪಾವಳಿಗೆ ನಮ್ಮ ಯಜಮಾನರು ಅಣ್ಣನಿಗೆಂದು ಹೊಸ ಟೇಬಲ್ ಫ್ಯಾನ್ ತಂದುಕೊಟ್ಟರು. ಭಾವನವರು ಸ್ವಿಚ್ ಹಾಕಿದರು, ತಿರುಗಿತು. ಆರಿಸಿದರು, ನಿಂತಿತು. "ಇದ್ರಲ್ಲಿ ಮಾಡೋಕೆ ಏನೂ ಇಲ್ವಲ್ಲೋ" ಎಂದು ಮುಖ ಸಪ್ಪಗೆ ಮಾಡಿಕೊಂಡು ಮೂಲೆಗಿಟ್ಟರು. ಮಾರನೆಯ ದಿನ ಯಾರೋ ಬಿಸಾಡಿದ್ದ, ಒಂದು ರೆಕ್ಕೆ ಮುರಿದ ಫ್ಯಾನನ್ನು ಎದೆಗವಚಿಕೊಂಡು ಬಂದರು ನೋಡಿ, ಆ ಮುಖದ ಕಳೆಯೇ ಕಳೆ! ಮದುಮಗನಿಗೂ ಅಷ್ಟಿರುವುದಿಲ್ಲ. ಹಾಗೆ ನೋಡಿದರೆ ಅವರು ಮದುಮಗ ಆಗಲೇ ಇಲ್ಲ. "ಎಲ್ಲ ಸರಿಯಾಗಿರೋ ಹುಡುಗೀರನ್ನೇ ತೋರಿಸಿದ್ದು ಅಮ್ಮಂದೇ ತಪ್ಪು" ಎಂದು ನಮ್ಮ ಯಜಮಾನರು ಚುಡಾಯಿಸುತ್ತಾರೆ.

ಆಕ್ಲೆಂಡಿನ ಫ್ಲ್ಯಾಟ್ ಬುಷ್ ಬಡಾವಣೆಯ ನಮ್ಮ ಮನೆಯಲ್ಲಿ ನಾವಿಬ್ಬರು, ಅತ್ತೆಯವರು ಮತ್ತು ಈ ಭಾವನವರು. ಇವರು ಪಕ್ಕದ ಈಸ್ಟ್ ತಮಾಕಿಯ ಕಾರ್ಖಾನೆಯೊಂದರಲ್ಲಿ ಇಡೀ ದಿನ ಯಂತ್ರ ರಿಪೇರಿ ಮಾಡಿ, ದಣಿವಾರಿಸಿಕೊಳ್ಳಲು ಮನೆಗೆ ಬಂದು ಮತ್ತೆ ರಿಪೇರಿ ಮಾಡುತ್ತಾರೆ. ನನ್ನ ಮಿಕ್ಸಿಯನ್ನು ಇನ್ನೂ ಮುಟ್ಟಿಲ್ಲ. ಇದು ರಾಯರು ನನ್ನ ಮೇಲಿಟ್ಟಿರುವ ದಯೆ ಎಂದೇ ನಂಬಿದ್ದೇನೆ.

ಇಂಥವರು ಈ ವರ್ಷ ಕ್ಯಾರವಾನ್ ತಂದರು. ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ, ಒಲೆ, ಮಂಚ ಎಲ್ಲ ಇರುವ ಗಾಡಿ ಮನೆ. ಯಾಕೆ ತಂದರು ಅನ್ನುವುದಕ್ಕೆ ಮನೆಯ ಒಂದು ನೋವನ್ನು ಹೇಳಬೇಕು.

ನಮ್ಮ ನಾದಿನಿ, ಅಂದರೆ ಭಾವನವರ ಕಿರಿಯ ತಂಗಿ, ಕಾರಿನಲ್ಲಿ ಮೂರು ಗಂಟೆ ದೂರದ ರೊಟೊರುವಾದಲ್ಲಿ ನರ್ಸ್. ಅಲ್ಲಿಯವನೇ ಆದ ಕೀವಿ ಹುಡುಗನನ್ನು ಮದುವೆಯಾದಳು. ಹುಡುಗ ಬಂಗಾರದಂಥವನು, ಆದರೆ ಅವನ ಅಡುಗೆಮನೆಯಲ್ಲಿ ಕುರಿ ಬೇಯುತ್ತದೆ. ಅತ್ತೆಯವರದು ಮಡಿ ಎಂದರೆ ಮಡಿ! "ಆ ಮನೆ ಹೊಸಿಲು ನಾನು ತುಳಿಯಲ್ಲ" ಅಂದವರು ಮಗಳ ಮನೆಯನ್ನು ನೋಡಲೇ ಇಲ್ಲ. ಮಗಳೂ ಅದೇ ರಕ್ತವಲ್ಲವೇ? "ಅಮ್ಮ ನಮ್ಮನೆಗೆ ಬರೋವರ್ಗೂ ನಾನೂ ಬರಲ್ಲ" ಅಂದಳು. ಈಗ ಅವಳು ಚೊಚ್ಚಲ ಬಸುರಿ. ರಕ್ತದೊತ್ತಡ ಜಾಸ್ತಿ, ದೂರ ಪ್ರಯಾಣ ಮಾಡಬಾರದೆಂದು ಅಲ್ಲಿಯ ಸೂಲಗಿತ್ತಿ ಕಟ್ಟಪ್ಪಣೆ ಮಾಡಿಬಿಟ್ಟಿದ್ದಳು. ಇನ್ನು ಬಾಣಂತನಕ್ಕೆ ತವರಿಗೆ ಬರುವುದೆಲ್ಲಿ? ತಾಯಿ ಹೋಗಬೇಕು. ತಾಯಿ ಹೋಗುವುದಿಲ್ಲ.

ಹೋಗುವುದಿಲ್ಲ ಅಂದವರು ಸುಮ್ಮನಿದ್ದರೇ? ನನ್ನ ಹಳೇ ಹತ್ತಿ ಸೀರೆ ಹರಿದು ಕುಲಾವಿ ಹೊಲಿಯುತ್ತಾ ಕೂತರು.

"ಯಾರಿಗತ್ತೆ ಇದು?" ಎಂದೆ, ಗೊತ್ತಿದ್ದೂ.

"ದೇವರ ಮನೆ ಬಾಲಕೃಷ್ಣಂಗೆ. ಚಳಿಗಾಲ ಅಲ್ವೇ?"

ನಮ್ಮ ಬಾಲಕೃಷ್ಣನ ತಲೆ ನೆಲ್ಲಿಕಾಯಿ ಗಾತ್ರ! ಆ ಕುಲಾವಿಯೊಳಗೆ ಅವನು ಸಕುಟುಂಬ ವಾಸ ಮಾಡಬಹುದಿತ್ತು.

ಇದನ್ನೆಲ್ಲ ನೋಡುತ್ತಿದ್ದ ಭಾವನವರು ಒಂದು ಸಂಜೆ ಕಾಫಿ ಲೋಟ ಕೆಳಗಿಟ್ಟು, "ಅಮ್ಮ ಅವಳ ಮನೆಗೆ ಹೋಗಲ್ಲ ತಾನೆ? ಬೇಡ ಬಿಡಿ. ಅಮ್ಮನ ಮನೇನೇ ಅಲ್ಲಿಗೆ ಹೋಗುತ್ತೆ. ಒಂದು ಕ್ಯಾರವಾನ್ ತಂದು ಅವಳ ಅಂಗಳದಲ್ಲಿ ನಿಲ್ಲಿಸೋದು, ಅಮ್ಮ ಅದರಲ್ಲಿದ್ದು ಬಾಣಂತನ ಮಾಡೋದು" ಅಂದರು. ಎಂಥ ಬುದ್ಧಿ! ಹೊಸದೋ, ಸುಸ್ಥಿತಿಯದೋ ಬಾಡಿಗೆಗೆ ತಂದಿದ್ದರೆ ಕಥೆ ಅಲ್ಲಿಗೇ ಸುಖಾಂತ್ಯ. "ಛೇ, ಬಾಡಿಗೆ ಗಾಡೀಲಿ ಯಾರ್ಯಾರು ಏನೇನು ಬೇಯಿಸಿರ್ತಾರೋ!" ಎಂದು ಅವರು ಹುಡುಕಿ ಹುಡುಕಿ ತಂದದ್ದು ಪುಕೆಕೊಹೆಯ ರೈತನೊಬ್ಬನ ಹಿತ್ತಲಲ್ಲಿ ಹುಲ್ಲು ಬೆಳೆದು ಮುಚ್ಚಿಹೋಗಿದ್ದ, ನನಗಿಂತ ಹಿರಿಯ ವಯಸ್ಸಿನ ಕ್ಯಾರವಾನನ್ನು. ಅದರಲ್ಲಿ ಯಾರೂ ಏನೂ ಬೇಯಿಸಿರಲಿಲ್ಲ, ನಿಜ. ಯಾಕೆಂದರೆ ಬಹಳ ಕಾಲದಿಂದ ಅದು ಕೋಳಿಗೂಡಾಗಿತ್ತು!

ಮಡಿಯ ಮನೆಗೆಂದು ಕೋಳಿಗೂಡು ತಂದ ಪುಣ್ಯಾತ್ಮರು ಭೂಮಂಡಲದಲ್ಲಿ ಇನ್ನೊಬ್ಬರಿದ್ದರೆ ದಯವಿಟ್ಟು ತಿಳಿಸಿ. ತೊಳೆದದ್ದೇ ತೊಳೆದದ್ದು. ಆದರೂ ಅತ್ತೆಯವರು ಒಂದು ದಿನ ಒಳಗೆ ಇಣುಕಿದವರು ಅಂಗೈಯುದ್ದದ ಕಂದು ಗರಿಯೊಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಏನೋ ಇದು?"

"ಗುಬ್ಬಚ್ಚೀದು ಕಣಮ್ಮ" ಎಂದರು ಭಾವನವರು, ಕಣ್ಣು ಮಿಟುಕಿಸದೆ.

"ಇಷ್ಟು ದೊಡ್ಡ ಗುಬ್ಬಚ್ಚಿಯಾ?"

"ಈ ದೇಶದಲ್ಲಿ ಹಾಲು ಬೆಣ್ಣೆಗೆ ಬರ ಇಲ್ವಲ್ಲಮ್ಮ."

ಅತ್ತೆಯವರು ಮಗನನ್ನು ನೋಡಿದರು, ಗರಿಯನ್ನು ನೋಡಿದರು. "ಗಂಜಲ ಹಾಕಿ ಶುದ್ಧಿ ಮಾಡು" ಎಂದು ಒಳಗೆ ಹೋದರು. ಜನಕ್ಕಿಂತ ದನ ಹೆಚ್ಚಿರುವ ದೇಶ ಇದು. ಆದರೆ ಯಾರ ಹತ್ತಿರ ಹೋಗಿ, ನಿಮ್ಮ ಹಸುವಿನ ಗಂಜಲ ಒಂದು ಚೊಂಬು ಕೊಡಿ ಎಂದು ಕೇಳುವುದು? ಭಾವನವರು ಕೇಳಿದರು! ಕ್ಯಾರವಾನ್ ಮಾರಿದ ರೈತನನ್ನೇ ಕೇಳಿದರು. ಆತ ಟೋಪಿ ತೆಗೆದು ತಲೆ ಕೆರೆದುಕೊಂಡು, "ನೀವು ಆ ಗಾಡಿಗೆ ಕಾಸು ಕೊಟ್ಟಾಗಲೇ ನನಗೆ ಅನುಮಾನ ಬಂದಿತ್ತು" ಎಂದನಂತೆ. ಪುಣ್ಯಾತ್ಮ, ಕೊಟ್ಟು ಕಳಿಸಿದ.

ಶುದ್ಧಿಯೇನೋ ಆಯಿತು, ಮರದ ಚೌಕಟ್ಟಿನ ಗತಿ? ಹೊರಗಿನ ಅಲ್ಯುಮಿನಿಯಂ ತಗಡನ್ನು ಬಿಚ್ಚಿ ಭಾವನವರು ಒಂದು ಕಂಬಕ್ಕೆ ಸ್ಕ್ರೂಡ್ರೈವರ್ ತಾಗಿಸಿದರು. ತಾಗಿಸಿದರು ಅಷ್ಟೆ, ಚುಚ್ಚಲಿಲ್ಲ. ಅದು ಹಿಡಿಯ ತನಕ ಒಳಗೆ ಹೋಯಿತು! ಕಂಬ ಮೈಸೂರುಪಾಕಿನಂತೆ ಉದುರಿತು. ಹಬ್ಬಕ್ಕೆ ನಾನು ಮಾಡುವ ಮೈಸೂರುಪಾಕು ಒಮ್ಮೆಯೂ ಅಷ್ಟು ಹದವಾಗಿ ಉದುರಿಲ್ಲ.

"ಫ್ರೇಮು ಸ್ವಲ್ಪ ವೀಕು" ಎಂದರು ಭಾವನವರು.

"ಅಣ್ಣಾ, ಇದ್ರಲ್ಲಿ ಫ್ರೇಮ್ ಎಲ್ಲಿದೆ? ಬರೀ ಬಣ್ಣ ನಿಂತಿದೆ" ಎಂದರು ನಮ್ಮ ಯಜಮಾನರು.

"ಹಾಗಾದ್ರೆ ಬಣ್ಣ ಗಟ್ಟಿ ಇದೆ ಅಂತಾಯ್ತಲ್ಲ!"

ಇಂಥವರ ಹತ್ತಿರ ವಾದ ಮಾಡಿ ಗೆದ್ದವರುಂಟೇ? ನಮ್ಮ ಕಾರು ಬೀದಿಗೆ ಬಿತ್ತು, ಡ್ರೈವ್‌ವೇ ಪೂರ್ತಿ ಬಡಗಿಶಾಲೆಯಾಯಿತು. ಕೊಳೆತ ಒಂದೊಂದೇ ತುಂಡನ್ನು ತೆಗೆದು, ಅದರ ಅಳತೆಗೆ ಹೊಸ ಮರ ಕೊಯ್ದು ಕೂರಿಸುತ್ತಾ ಹೋದರು. ಒಂದು ಕಡೆ ಬಿಚ್ಚಿದರೆ ಇನ್ನೊಂದು ಕಡೆ ಜೋಲುತ್ತಿತ್ತು. ಪಕ್ಕದ ಮನೆಯ ಸಮೋವಾದ ಅಂಕಲ್, ಆನೆಯಂಥ ಆಳು, ಒಂದು ಮಧ್ಯಾಹ್ನ ಛಾವಣಿಯನ್ನು ಭುಜದ ಮೇಲೆ ಹೊತ್ತು ನಿಂತುಬಿಟ್ಟರು. ನಾನು ಅವರಿಗೆ ನಿಂತಲ್ಲೇ ಚಕ್ಕುಲಿ ತಿನ್ನಿಸಿದೆ. ಗಾಡಿ ಯಾರ ಮೇಲೂ ಬೀಳಲಿಲ್ಲ. ಆ ದಿನದ ಲೆಕ್ಕಕ್ಕೆ ಅದೇ ದೊಡ್ಡ ಕೃಪೆ ಎಂದು ದೀಪ ಹಚ್ಚಿ ಕೈ ಮುಗಿದೆ.

ನಂತರ ಸೋರುವ ಛಾವಣಿ. ಆಕ್ಲೆಂಡಿನ ಮಳೆಗೆ ಹೊತ್ತುಗೊತ್ತಿಲ್ಲ, ಮಾನ ಮರ್ಯಾದೆಯಂತೂ ಮೊದಲೇ ಇಲ್ಲ. ಎಲ್ಲಿ ಸೋರುತ್ತಿದೆ ಎಂದು ಹಿಡಿಯಲು ಭಾವನವರು ಕಂಡುಕೊಂಡ ಉಪಾಯ ಕೇಳಿ. "ತಾಯಿ, ನಿನ್ನ ರಂಗೋಲಿ ಪುಡಿ ಡಬ್ಬ ತಗೊಂಡು ಬಾ" ಎಂದರು. ಒಳಗಿನ ನೆಲಕ್ಕೆಲ್ಲ ನಾನು ತೆಳ್ಳಗೆ ಪುಡಿ ಉದುರಿಸಬೇಕು. ಅವರು ಏಣಿ ಹತ್ತಿ ಮೇಲೆ ಪೈಪಿನಲ್ಲಿ ನೀರು ಬಿಡಬೇಕು. ಎಲ್ಲಿ ಹನಿ ಬಿತ್ತೋ ಅಲ್ಲಿ ಚುಕ್ಕಿ!

"ಎಲ್ಲಿ ಬಿತ್ತು, ಹೇಳು ತಾಯಿ!" ಎಂದು ಮೇಲಿಂದ ಕೂಗಿದರು.

"ಎಲ್ಲಿ ಬಿದ್ದಿಲ್ಲ ಅಂತ ಕೇಳಿ ಭಾವ, ಬೇಗ ಹೇಳ್ತೀನಿ!"

ಆ ಚುಕ್ಕಿಗಳನ್ನು ಸೇರಿಸಿದ್ದರೆ ಸಂಕ್ರಾಂತಿ ರಂಗೋಲಿ ಸ್ಪರ್ಧೆಯಲ್ಲಿ ನನಗೇ ಮೊದಲ ಬಹುಮಾನ. ಆದರೆ ಒಂದು ಮಾತು ಒಪ್ಪಲೇಬೇಕು. ವಾರವಾರಕ್ಕೂ ಚುಕ್ಕಿ ಕಡಿಮೆಯಾಗುತ್ತಾ ಬಂತು. ಕಡೆಗೊಂದು ಭಾನುವಾರ ಎಷ್ಟು ನೀರು ಸುರಿದರೂ ಪುಡಿ ಒಣಗಿದ್ದು ಒಣಗಿದಂತೇ ಇತ್ತು. ಭಾವನವರು ಏಣಿಯಿಂದಿಳಿದು ಬಂದು ಆ ಬಿಳಿ ನೆಲವನ್ನು ಎಷ್ಟೋ ಹೊತ್ತು ನೋಡುತ್ತಾ ನಿಂತರು. ಎಲ್ಲ ಸರಿಯಿರುವ ವಸ್ತುವನ್ನು ಅವರು ಅಷ್ಟು ಪ್ರೀತಿಯಿಂದ ನೋಡಿದ್ದು ನಾನು ಕಂಡದ್ದು ಅದೇ ಮೊದಲು.

ಗೃಹಪ್ರವೇಶವಿಲ್ಲದೆ ಅತ್ತೆಯವರು ಕಾಲಿಡುತ್ತಾರೆಯೇ? ಹಾಲುಕ್ಕಿಸಲು ಹೋದವರು ಒಲೆಯ ಮುಂದೆ ನಿಂತು ಕೈ ಕಟ್ಟಿಕೊಂಡರು.

"ಒಲೆ ವಾಯವ್ಯಕ್ಕಿದೆಯಲ್ಲೋ. ಆಗ್ನೇಯಕ್ಕಿರಬೇಕು."

"ಒಂದ್ನಿಮಿಷ ಇರಮ್ಮ" ಎಂದರು ಭಾವನವರು. ಹೊರಗೆ ಹೋಗಿ, ತಮ್ಮನನ್ನೂ ಸಮೋವಾದ ಅಂಕಲನ್ನೂ ಕರೆದು, ತಾಯಿಯನ್ನು ಒಳಗಿಟ್ಟುಕೊಂಡೇ ಇಡೀ ಮನೆಯನ್ನು ಗರ್ರನೆ ತಿರುಗಿಸಿಬಿಟ್ಟರು! ವಾಸ್ತು ದೋಷಕ್ಕೆ ಇಷ್ಟು ಸುಲಭದ ಪರಿಹಾರ ಯಾವ ಪಂಡಿತರೂ ಹೇಳಿರಲಾರರು. ಹಾಲು ಉಕ್ಕಿತು. ಅತ್ತೆಯವರಿಗೆ ಸ್ವಲ್ಪ ತಲೆ ಸುತ್ತಿತು, ಅಷ್ಟೆ.

ರಸ್ತೆಗಿಳಿಯಲು ಬೇಕಾದ ತಪಾಸಣೆಯಲ್ಲೂ ಗಾಡಿ ಪಾಸಾಯಿತು. ಭಾವನವರ ಯೂಟ್, ಅಂದರೆ ಪುಟ್ಟ ಟ್ರಕ್ಕು, ಮುಂದೆ, ಅದರ ಬೆನ್ನಿಗೆ ಕ್ಯಾರವಾನ್, ಹಿಂದೆ ನಮ್ಮ ಕಾರಿನಲ್ಲಿ ನಾವು. ಅತ್ತೆಯವರ ಮಡಿಲಲ್ಲಿ ಲೇಹದ ಡಬ್ಬ, ಅಂಟಿನುಂಡೆ. ರೊಟೊರುವಾ ಹತ್ತಿರವಾಗುತ್ತಿದ್ದಂತೆ ಅಲ್ಲಿಯ ಬಿಸಿನೀರಿನ ಬುಗ್ಗೆಗಳ ಗಂಧಕದ ವಾಸನೆ ಮೂಗಿಗೆ ಹೊಡೆಯಿತು. ಅತ್ತೆಯವರು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಶಿವನೇ! ಅವಳ ಮನೆ ಒಂದೇ ಅಂದ್ಕೊಂಡಿದ್ದೆ. ಊರಿಗೂರೇ ಮೊಟ್ಟೆ ಬೇಯಿಸ್ತಿದ್ದಾರಲ್ಲೇ!" ಎಂದರು.

ನಾದಿನಿಯ ಅಂಗಳದಲ್ಲಿ ಕ್ಯಾರವಾನ್ ನಿಂತಿತು, ಒಲೆ ಆಗ್ನೇಯಕ್ಕೇ ಬರುವಂತೆ. ಅತ್ತೆಯವರು ಯಾರನ್ನೂ ಮಾತಾಡಿಸದೆ ನೇರವಾಗಿ ಅದರೊಳಗೆ ಹೋಗಿ ಮೆಣಸಿನ ಸಾರಿಗೆ ಇಟ್ಟರು. ತಲೆಗೆ ಸ್ನಾನ ಮಾಡಿಕೊಂಡು ಬಂದರೆ ಮಗಳು ಒಳಗೆ ಬಂದು ಊಟ ಮಾಡಬಹುದು ಎಂದು ನನ್ನ ಮೂಲಕ ಸುದ್ದಿ ಹೋಯಿತು.

ನಾದಿನಿ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು, ಸೊಂಟಕ್ಕೆ ಕೈ ಕೊಟ್ಟುಕೊಂಡು ನಿಧಾನವಾಗಿ ಬಂದಳು. ಗಂಡ ಹಿಂದೆಯೇ ಬಂದು ದೂರದಲ್ಲಿ ನಿಂತ. ಅವಳು ಮೆಟ್ಟಿಲ ಮೇಲೆ ಕಾಲಿಟ್ಟಳು. ಬಾಗಿಲು ಕಿರಿದು. ಎದುರಾಗಿ ಹೋಗಲಾಗಲಿಲ್ಲ. ಅಡ್ಡ ತಿರುಗಿದಳು, ಹೊಟ್ಟೆ ಇನ್ನೂ ಅಡ್ಡ ಬಂತು. ಮೊದಲು ನಗು ಬಂತು ಅವಳಿಗೆ. "ಅತ್ತಿಗೆ, ಐ ಆಮ್ ಸ್ಟಕ್!" ಎಂದಳು. ಆಮೇಲೆ ಬಾಗಿಲ ಚೌಕಟ್ಟಿಗೆ ಹಣೆ ಒತ್ತಿಕೊಂಡು, "ಆಗ್ತಿಲ್ಲಮ್ಮಾ..." ಎಂದು ಚಿಕ್ಕ ಮಗುವಿನಂತೆ ಅತ್ತಳು.

ಭಾವನವರು ಆಗಲೇ ಜೇಬಿನಿಂದ ಟೇಪು ಎಳೆದಿದ್ದರು. "ಅಳಬೇಡ್ವೇ, ಬಾಗಿಲು ಅಗಲ ಮಾಡ್ತೀನಿ. ಒಂದ್ವಾರ ಕೊಡು."

"ನಿನ್ನ ತಲೆ!" ಎಂದರು ಒಳಗಿನಿಂದ ಅತ್ತೆಯವರು. "ಮಗು ಒಂದ್ವಾರ ಕಾಯುತ್ತೇನೋ? ತೆಗಿ ಆಚೆ ಆ ಟೇಪನ್ನ."

ಒಲೆ ಆರಿಸುವ ಸದ್ದಾಯಿತು. ನಾನು ನಾದಿನಿಯನ್ನು ಹಿಡಿದು ಮೆಟ್ಟಿಲಿಂದ ಕೆಳಗಿಳಿಸಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಾರಿನ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದುಕೊಂಡು ಅತ್ತೆಯವರು ಮೆಟ್ಟಿಲಿಳಿದರು. ಪಾತ್ರೆಯನ್ನು ನನ್ನ ಕೈಗೆ ಕೊಟ್ಟು, ಮಗಳ ಹೆಗಲಿಗೆ ಕೈ ಹಾಕಿ ನಡೆಸಿಕೊಂಡು ಹೊರಟರು. ಮನೆಯ ಹೊಸಿಲಿನ ಮುಂದೆ ಒಂದು ಕ್ಷಣ ನಿಂತರು. ಅಳಿಯನ ಮುಖ ನೋಡಿ ಕನ್ನಡದಲ್ಲೇ ಕೇಳಿದರು: "ಚಪ್ಪಲಿ ಎಲ್ಲಿ ಬಿಡ್ಲಪ್ಪಾ?"

ಅವನಿಗೆ ಏನು ಅರ್ಥವಾಯಿತೋ, ಬಗ್ಗಿ ಅವರ ಚಪ್ಪಲಿಯನ್ನು ತಾನೇ ತೆಗೆದು, ತನ್ನ ಬೂಟುಗಳನ್ನು ಪಕ್ಕಕ್ಕೆ ಸರಿಸಿ ಅಲ್ಲಿಟ್ಟ. ಎಲ್ಲರೂ ಒಳಗೆ ಹೋದರು.

ಸಾರು ಒಳಗಿಟ್ಟು ಹೊರಗೆ ಬಂದಾಗ ಭಾವನವರು ಕ್ಯಾರವಾನನ್ನು ಗಾಡಿಗೆ ಸಿಕ್ಕಿಸುವ ಮುಂಗಂಬಿಯ ಮೇಲೆ ಒಬ್ಬರೇ ಕೂತಿದ್ದರು. ಚುಡಾಯಿಸುವ ಅಭ್ಯಾಸ, ಬಾಯಿ ಸುಮ್ಮನಿರಲಿಲ್ಲ.

"ಏನ್ ಭಾವ, ಇಷ್ಟು ತಿಂಗಳು ಕಷ್ಟಪಟ್ಟು ಕಟ್ಟಿದ ಮನೇಲಿ ಅತ್ತೆ ಒಂದು ಊಟಾನೂ ಮಾಡ್ಲಿಲ್ವಲ್ಲ!"

"ಇಲ್ಲೀತನಕ ಬಂತಲ್ಲ ತಾಯಿ" ಎಂದರು ಅವರು.

ಕೈಯಲ್ಲಿದ್ದ ಗ್ರೀಸ್ ಬಟ್ಟೆಯಿಂದಲೇ ಕಣ್ಣೊರೆಸಿಕೊಂಡರು. ಮುಖವೆಲ್ಲ ಮಸಿ. ಬೇರೆ ದಿನವಾಗಿದ್ದರೆ ಮನೆಮಂದಿಯನ್ನೆಲ್ಲ ಕೂಗಿ ಕರೆದು ತೋರಿಸುತ್ತಿದ್ದೆ. ಸದ್ದಿಲ್ಲದೆ ಒಳಗೆ ಹೋಗಿ, ಒಗೆದ ಟವೆಲೊಂದನ್ನು ಬಿಸಿನೀರಿನಲ್ಲಿ ಹಿಂಡಿ ತಂದು ಅವರ ಪಕ್ಕದಲ್ಲಿಟ್ಟೆ.