ಮಾವ, ಅತ್ತೆ ಮತ್ತು ಶಹಾಪುರದ ‘ಅವ’

ನಮ್ಮ ಸೋದರಮಾವನಿಗೆ ಹೆಂಡತಿಯ ಮೇಲೆ ಅನುಮಾನ. ಗಾಬರಿಯಾಗಬೇಡಿ! ಅತ್ತೆ ಐವತ್ತು ದಾಟಿದ, ಮಂಡಿನೋವಿನ, ಸೋಮವಾರ ಒಪ್ಪತ್ತು ಮಾಡುವ ಹೆಂಗಸು. ಮಾವನ ಹೊಟ್ಟೆಕಿಚ್ಚು ಯಾವ ಗಂಡಸಿನ ಮೇಲೂ ಅಲ್ಲ, ಒಂದು ಕಟ್ಟಡದ ಮೇಲೆ. ಎರಡು ಅಂತಸ್ತು, ಗಾಜಿನ ಬಾಗಿಲು, ಒಳಗೆ ಕಾಲಿಟ್ಟರೆ ಮೈಮೇಲೆ ತಣ್ಣನೆ ಗಾಳಿ. ಶಹಾಪುರದಲ್ಲಿ ಹೊಸದಾಗಿ ತೆರೆದಿರುವ ರಿಯಾಯಿತಿ ಸೂಪರ್ ಮಾರ್ಕೆಟ್ಟು.

ಮಾವನದು ಸುರಪುರದಲ್ಲಿ ಕಿರಾಣಿ ಅಂಗಡಿ. ಕಿರಾಣಿಯವನ ಹೆಂಡತಿಯೇ ಪ್ರತಿ ಭಾನುವಾರ ಬಸ್ಸು ಹತ್ತಿ ಇನ್ನೊಬ್ಬರ ಅಂಗಡಿಗೆ ಹೋಗುವುದೆಂದರೆ ಏನರ್ಥ? ಮಿರ್ಚಿ ಭಜಿ ಮಾರುವವನ ಮಗ ಎದುರಿನ ಬಂಡಿಯಲ್ಲಿ ನಿಂತು ಭಜಿ ತಿಂದಂತೆ! ಮಾವ ಆ ಅಂಗಡಿಯ ಹೆಸರನ್ನು ಬಾಯಿಂದ ಎತ್ತುವುದಿಲ್ಲ. ‘ಅವ’ ಎನ್ನುತ್ತಾನೆ, ಅಷ್ಟೇ.

“ಇವತ್ತೂ ಅವನ ಕಡಿ ಹೋಗಿದ್ದೇನು?”

“ಹೂಂ, ಹೋಗಿದ್ದೆ.”

“ಏನಂದ?”

“ಅವ ಏನಂತಾನ್ರಿ. ಹೋದ್ರ ಬಾಗಲಾ ತಾನ ತೆರಿತದ, ಬಂದ್ರ ತಾನ ಮುಚ್ಚತದ.”

ಬಾಗಿಲು ತಾನಾಗಿ ತೆರೆಯುತ್ತದೆ ಎಂಬುದೇ ಮಾವನಿಗೆ ದೊಡ್ಡ ಅಪಮಾನ. ತನ್ನ ಶಟರು ಎತ್ತಲು ಇಬ್ಬರು ಬೇಕು.

ಓದಲು ಬಂದು ಅವರ ಮನೆಯಲ್ಲೇ ಉಳಿದುಕೊಂಡಿರುವ ನಾನು ಎಂದಿನಿಂದಲೂ ಎಲ್ಲದರಲ್ಲೂ ಸಾಕ್ಷಿ ಕೇಳುವವಳು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾಲ್ಕು ಕಪ್ಪು ಗೆದ್ದಿದ್ದೇನೆ. ಅದರಲ್ಲಿ ಒಂದರೊಳಗೆ ಮಾವ ಲವಂಗ ತುಂಬಿಟ್ಟಿದ್ದಾನೆ, ಇನ್ನೊಂದರೊಳಗೆ ಗುಂಡುಪಿನ್ನು. ಹಾಗಾಗಿ ನಾನು ಈ ಪ್ರಕರಣವನ್ನು ತರ್ಕಬದ್ಧವಾಗಿ ನೋಡಿದೆ. ಅಂಥ ಅಂಗಡಿಯ ಲಾಭವೇನು? ಸಾಮಾನು ಸಸ್ತಾ, ನೆರಳು, ತಂಪು. ನಷ್ಟವೇನು? ಉಪ್ಪು ತರಲು ಹೋದವರು ಎರಡು ಪ್ಲಾಸ್ಟಿಕ್ ಸ್ಟೂಲು, ಯಾರೂ ಕುಡಿಯದ ಹಣ್ಣಿನ ರಸ ಹೊತ್ತುಕೊಂಡು ಬರುತ್ತಾರೆ. ಒಂದು ಕೊಂಡರೆ ಇನ್ನೊಂದು ಬಿಟ್ಟಿ ಎಂದರೆ ನಮ್ಮ ಜನ ಎರಡನೆಯದಕ್ಕಾಗಿ ಮೊದಲನೆಯದನ್ನು ಕೊಳ್ಳುತ್ತಾರೆ!

ಆದರೆ ಅತ್ತೆಗೆ ಈ ಲಾಭವೂ ತಟ್ಟಿರಲಿಲ್ಲ, ಈ ನಷ್ಟವೂ ತಟ್ಟಿರಲಿಲ್ಲ. ಮೂರು ತಾಸು ಒಳಗಿದ್ದು ಹೊರಬಂದರೆ ಅವಳ ಚೀಲದಲ್ಲಿ ಇರುತ್ತಿದ್ದುದು ಒಂದು ಸೋಪು. ಹೆಚ್ಚೆಂದರೆ ಒಂದು ಬಿಸ್ಕೀಟು ಪಾಕೀಟು. ಮಾವ ಆ ಚೀಲವನ್ನು ತಲೆಕೆಳಗು ಮಾಡಿ ಕೊಡವುತ್ತಿದ್ದ. ಬರೀ ಒಂದು ಸೋಪಿಗೆ ಇಷ್ಟು ದೂರವೇ? ತನ್ನ ಅಂಗಡಿಯಲ್ಲಿ ಅದೇ ಸೋಪು ಡಜನುಗಟ್ಟಲೆ ಬಿದ್ದಿರುವಾಗ? ಅಂದರೆ ಇವಳು ಹೋಗುವುದು ಸೋಪಿಗಲ್ಲ. ಹಾಗಾದರೆ ಮತ್ತೇನಕ್ಕೆ? ಈ ಪ್ರಶ್ನೆ ಮಾವನ ಊಟ ಕೆಡಿಸಿತು. ಅವಳು ಮನೆಯಲ್ಲಿರುವ ದಿನ ತಾನೇ ಹೋಗಿ ನೋಡಿಬರಲು ನಿರ್ಧರಿಸಿದ. ಗುರುತು ಸಿಗಬಾರದೆಂದು ವೇಷವನ್ನೂ ಹಾಕಿದ. ಕಪ್ಪು ಕನ್ನಡಕ, ಉಣ್ಣೆಯ ಮಂಕಿ ಟೋಪಿ. ಮೇ ತಿಂಗಳಲ್ಲಿ! ಕಾಗೆಯೂ ಗೋಡೆ ನೆರಳು ಬಿಟ್ಟು ಕದಲದ ನಮ್ಮ ಜಿಲ್ಲೆಯ ಮೇ ತಿಂಗಳಲ್ಲಿ!

ಜೊತೆಗೆ ನಾನಿದ್ದೆ. ಬಾಗಿಲಲ್ಲಿ ಕಾವಲಿನವನು ಮಾವನ ಬಟ್ಟೆಚೀಲದ ಬಾಯಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿದ. ತನ್ನ ಚೀಲಕ್ಕೆ ಬೇಡಿ ಹಾಕಿದನೆಂದು ಮಾವ ಅಲ್ಲೇ ಕುದಿದ. ಒಳಗೆ ಹೋದವನೇ ಒಂದು ಕಿಲೋ ಬೇಳೆಯ ಪಾಕೀಟು ಎತ್ತಿ, ಅಂಗೈಯಲ್ಲಿ ಎರಡು ಸಲ ಕುಣಿಸಿ, ಐವತ್ತು ಗ್ರಾಂ ಕಡಿಮೆ ಇದೆ ಎಂದು ತೀರ್ಪು ಕೊಟ್ಟ. ತರಕಾರಿ ತೂಗುವ ಕಾಟಾದ ಮೇಲೆ ಇಟ್ಟು ನೋಡಿದೆವು. ತೂಕ ಬರೋಬರಿ. ಮಾವ ಕಾಟಾದ ತಟ್ಟೆಯನ್ನು ಬೆರಳಿನಿಂದ ಬಡಿದು ನೋಡಿದ. “ಮಷಿನ್ ಕೆಟ್ಟದ” ಎಂದ.

ಮುಂದಿನ ಸಾಲಿಗೆ ತಿರುಗಿದರೆ ಅಲ್ಲೊಂದು ವಿಚಿತ್ರ. ಮಕ್ಕಳ ಡೈಪರಿನ ದೊಡ್ಡ ಪಾಕೀಟನ್ನು ಮುಖಕ್ಕೆ ಅಡ್ಡ ಹಿಡಿದು ಯಾರೋ ನಿಂತಿದ್ದಾರೆ. ಪಾಕೀಟಿನ ಕೆಳಗೆ ಧೋತರ, ಧೋತರದ ಕೆಳಗೆ ಪರಿಚಯದ ಚಪ್ಪಲಿ. ನಿವೃತ್ತ ಮಾಸ್ತರರು! ಮಾವನ ಅಂಗಡಿಯ ಅತ್ಯಂತ ಹಳೆಯ ಗಿರಾಕಿ. ಮಾವ ಎಣ್ಣೆ ಡಬ್ಬಿಗಳ ಹಿಂದೆ ಸರಿಯಲು ನೋಡಿದ, ಮಾಸ್ತರರು ಸೋಪಿನ ಪುಡಿಯ ಕಡೆ ಸರಿಯಲು ನೋಡಿದರು. ಇಬ್ಬರೂ ಸರಿದು ಸರಿದು ಒಬ್ಬರ ಎದೆಗೆ ಇನ್ನೊಬ್ಬರು ಬಡಿದುಕೊಂಡರು.

“ಸುಮ್ನ ತಂಪಿಗಿ ಬಂದೀನ್ರಿ ಸಾವ್ಕಾರ್ರ” ಎಂದರು ಮಾಸ್ತರರು.

“ನಾನೂ ತಂಪಿಗೇ ಬಂದೀನ್ರಿ” ಎಂದ ಮಾವ, ಉಣ್ಣೆಯ ಟೋಪಿಯೊಳಗಿಂದ.

ಅತ್ತೆಯ ಗುಟ್ಟು ಆ ದಿನ ಸಿಗಲಿಲ್ಲ. ಮಾವ ಬೇರೆ ದಾರಿ ಹಿಡಿದ. ‘ಅವನ’ ಹತ್ತಿರ ಇರುವುದೆಲ್ಲ ತನ್ನ ಹತ್ತಿರವೂ ಇದ್ದರೆ ಇವಳು ಯಾಕೆ ಹೋಗುತ್ತಾಳೆ? ಕೂಲರು ತಂದ. ಆರು ಬುಟ್ಟಿ ತಂದ. ಅಂಗಡಿಯ ಮುಂದಿನ ಅಡ್ಡಹಲಗೆ ತೆಗೆಸಿ, ಗಿರಾಕಿಗಳು ಒಳಗೆ ಬಂದು ಬೇಕಾದ್ದನ್ನು ತಾವೇ ಆರಿಸಿಕೊಳ್ಳಬೇಕೆಂದು ಹೇಳಿದ. ಒಬ್ಬರೂ ಒಳಗೆ ಬರಲಿಲ್ಲ. ಹಲಗೆ ಇದ್ದ ಜಾಗದಲ್ಲೇ ಸಾಲಾಗಿ ನಿಂತು, ಇಲ್ಲದ ಹಲಗೆಯ ಮೇಲೆ ಮೊಳಕೈ ಊರಲು ಹೋಗಿ ಮುಗ್ಗರಿಸಿದರು. ಕೊಡೇಕಲ್ಲಿನ ಗುಡಿಗೆ ಹೊರಟಿದ್ದ ಒಬ್ಬ ಅಜ್ಜಿ ಕಾಯಿ, ಕರ್ಪೂರ ಕೇಳಿದಳು. ಬುಟ್ಟಿ ಹಿಡಿದು ಒಳಗೆ ಬಾ ಎಂದದ್ದಕ್ಕೆ ಅವಳು ಮಾವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ನಾನ ತಗೊಳ್ಳೂದಾದ್ರ ನೀ ಯಾಕ ಕುಂತಿ ತಮ್ಮಾ?” ಎಂದಳು. ಮರುದಿನ ಮಾವ ಆ ಬುಟ್ಟಿಗಳಿಗೆ ಉಳ್ಳಾಗಡ್ಡಿ ತುಂಬಿದ. ಅತ್ತೆ ಭಾನುವಾರದ ಬಸ್ಸು ಹತ್ತಿದಳು.

ಕೊನೆಗೆ ನಾನೇ ಒಂದು ಚರ್ಚೆ ಏರ್ಪಡಿಸಿದೆ. ಮನೆಯ ಪಡಸಾಲೆಯಲ್ಲಿ, ಮಧ್ಯಾಹ್ನದ ಊಟವಾದ ಮೇಲೆ. ದೊಡ್ಡ ಅಂಗಡಿಯ ಪರ ನಾನು, ವಿರೋಧ ಮಾವ, ನಿರ್ಣಾಯಕರು ಮೊರದಲ್ಲಿ ಬೇಳೆ ಹಾಕಿಕೊಂಡು ಹರಳು ಆರಿಸುತ್ತಿದ್ದ ಅತ್ತೆ. ಮಾವ ಚೆನ್ನಾಗಿಯೇ ಮಾತಾಡಿದ, ಒಪ್ಪಿಕೊಳ್ಳುತ್ತೇನೆ. ಅಲ್ಲಿ ಮಗುವಿನ ಜ್ವರ ಇಳಿಯಿತೇ ಎಂದು ಕೇಳುವವರಿಲ್ಲ, ಮನೆಗೆ ಬೀಗರು ಬಂದಿದ್ದಾರೆಂದು ತಿಳಿದು ಒಳ್ಳೆಯ ಸಕ್ಕರೆ ತೆಗೆದುಕೊಡುವವರಿಲ್ಲ ಎಂದ. ನಾನು ಬಿಡುತ್ತೇನೆಯೇ? ಕೇಳುವವರಿಲ್ಲದ್ದೇ ಸುಖ, ಅಂಗಡಿಗೆ ಹೋದವಳಿಗೆ ಮದುವೆ ಯಾವಾಗ ಎಂದು ಯಾರೂ ತಲೆ ತಿನ್ನುವುದಿಲ್ಲ ಎಂದೆ. ಮಾವ ಮೇಜು ಕುಟ್ಟಿದ, ನಾನೂ ಕುಟ್ಟಿದೆ. ಕಡೆಗೆ ಅವನು ಎಲ್ಲ ಬಿಟ್ಟು ನೇರ ನಿರ್ಣಾಯಕರನ್ನೇ ಕೇಳಿದ.

“ನನ್ ಅಂಗಡ್ಯಾಗ ಇಲ್ಲದ್ದು ಅವನ ಕಡಿ ಏನದ, ಹೇಳಿಬಿಡು.”

ಅತ್ತೆ ಮೊರದಿಂದ ಕಣ್ಣೆತ್ತಲಿಲ್ಲ. “ನಿಮ್ ಅಂಗಡ್ಯಾಗ ಎಲ್ಲಾ ಅದ್ರಿ. ಖರೆ ಚೀಲದ ಬಾಯಿ ಮಂದಿಗಿ, ಬುಡ ಮನಿಗಿ. ಬ್ಯಾಳಿ ತಳಕ್ಕ ಹತ್ತಿದ ಮ್ಯಾಲ ಮನಿಗಿ ಬರ್ತದ. ಇಲಿ ಕಡದಿದ್ದ ಸೋಪು, ಪುಡಿ ಆದ ಬಿಸ್ಕೀಟು, ಯಾರೂ ಒಯ್ಯಲಾರದ್ದು ಬರ್ತದ. ಬ್ಯಾರೆ ಏನಿಲ್ರಿ. ಅಲ್ಲಿ ಹೋದ್ರ ಒಂದೊಂದ ಸೋಪು ಕೈಯಾಗ ಹಿಡದು ಮೂಸಿ ನೋಡ್ತೀನಿ. ಚಲೋದು ತಗೊಂಡ್ರ, ಅದು ಗಿರಾಕಿಗಿ ಇರ್ಲಿ ಇಡು ಅನ್ನವ್ರು ಯಾರೂ ಇಲ್ಲ.”

ದೂರಿದ ದನಿಯೇ ಅಲ್ಲ. ಹವೆ ಹೇಗಿದೆ ಎಂದು ಕೇಳಿದರೆ ಹೇಳುವ ಹಾಗೆ ಹೇಳಿದಳು. ಒಂದು ಹರಳು ಸಿಕ್ಕಿತು, ಅಂಗಳಕ್ಕೆ ಎಸೆದಳು.

ಮದುವೆಯಾದಾಗಿನಿಂದ ಮೂವತ್ತು ವರ್ಷ! ನಾನೂ ಆ ಮನೆಯಲ್ಲಿ ಆ ಪುಡಿ ಬಿಸ್ಕೀಟನ್ನು ಚಹಾದಲ್ಲಿ ಕಲಸಿ ತಿಂದವಳೇ. ಅಂಗಡಿಯವರ ಮನೆಯೆಂದರೆ ಹಾಗೆಯೇ ಎಂದುಕೊಂಡಿದ್ದೆ. ಪರ-ವಿರೋಧ ಎಂದು ಅಷ್ಟು ಅಂಶ ಬರೆದುಕೊಂಡಿದ್ದ ನನ್ನ ಚೀಟಿಯಲ್ಲಿ ಇದೊಂದು ಇರಲಿಲ್ಲ. ಮಾವ ಎದ್ದು ಅಂಗಡಿಗೆ ಹೋದ. ಅಂದು ಸಂಜೆ ಅಂಗಡಿಯಲ್ಲಿ ಯಾರಿಗೋ ಸಕ್ಕರೆ ಬದಲು ರವೆ ಕಟ್ಟಿಕೊಟ್ಟ ಎಂದು ಕೇಳಿದೆ.

ಮರುದಿನ ಬೆಳಿಗ್ಗೆ ಬೋಣಿಗೆಗೂ ಮೊದಲೇ ಅವನು ಹೊಸ ತೊಗರಿಬೇಳೆ ಚೀಲದ ಹೊಲಿಗೆ ಬಿಚ್ಚಿದ. ಬೋಣಿಗೆಗೆ ಮೊದಲು ಅಂಗಡಿಯಿಂದ ಒಂದು ಕಾಳೂ ಹೊರಗೆ ಹೋಗಬಾರದೆಂಬ ಮನುಷ್ಯ! ಮೇಲಿನ ಬೇಳೆಯನ್ನು ಡಬ್ಬಿಗೆ ತುಂಬಿ, ಮನೆಗೆ ತಂದು, ಅತ್ತೆಯ ಮುಂದೆ ಮೊರಕ್ಕೆ ಸುರಿದ. ಅವಳು ರೂಢಿಯಂತೆ ಆರಿಸಲು ಕೈ ಹಾಕಿದಳು. ಬೆರಳು ಆ ಕಡೆ ಹೋಯಿತು, ಈ ಕಡೆ ಬಂತು. ತೆಗೆದು ಹಾಕಲು ಏನೂ ಸಿಗಲಿಲ್ಲ. ಆದರೂ ಕೈ ತೆಗೆಯದೆ ಬೇಳೆಯನ್ನು ಸುಮ್ಮನೆ ಸವರುತ್ತ ಕುಳಿತಳು.

ಬಾಗಿಲಲ್ಲಿ ನಿಂತಿದ್ದ ನನಗೆ, ನಿಜ ಹೇಳುತ್ತೇನೆ, ಅತ್ತೆಯನ್ನು ಕಂಡು ಹೊಟ್ಟೆಕಿಚ್ಚಾಯಿತು. ಮಾವ ಖಾಲಿ ಡಬ್ಬಿ ಹಿಡಿದುಕೊಂಡು, ಮೊದಲ ಸಲ ಅಂಗಡಿ ಹಾಕಿದ ಹುಡುಗನಂತೆ, ಅವಳ ಮುಖವನ್ನೇ ನೋಡುತ್ತಿದ್ದ.

“ಚಲೋ ಅದ?” ಎಂದು ಕೇಳಿದ.

“ನೋಡಾಕತ್ತೀನಿ, ನಿಂದರ್ರಿ” ಎಂದಳು ಅತ್ತೆ.

ಅವನು ನಿಂತ.